ಗಾದಿ ನೋಡೋದು ಅಂಗೈಯಲ್ಲಲ್ಲ, ಬೆನ್ನಲ್ಲಿ

ನಮ್ಮ ದಾವಣಗೆರೆಯಲ್ಲಿ ಗಾದಿ ಅಂಗಡಿಗೆ ಹೋದ್ರೆ ಮೊದಲು ನಡೆಯೋದು ಒಂದೇ ಕೆಲ್ಸ. ಅಂಗಡಿಯವ್ರು ಮುಷ್ಟಿ ಕಟ್ಟಿ ಗಾದಿ ಮೇಲೆ ಎರಡು ಗುದ್ದು ಗುದ್ದಿ "ನೋಡ್ರಿ ಸಾರ್, ಹೆಂಗೈತೆ, ಕಲ್ಲಿದ್ದಂಗೈತೆ" ಅಂತಾರೆ, ನಾವು ಅಂಗೈ ಇಟ್ಟು ಒಂದ್ಸಲ ಒತ್ತಿ, ಜೊತೆಗೆ ಬಂದವ್ರು ಒಂದ್ಸಲ ಒತ್ತಿ, ಹೂಂ ಗಟ್ಟಿ ಐತೆ ಅಂತ ತಲೆ ಆಡ್ಸಿ ಸೀದಾ ರೇಟಿಗೆ ಬರ್ತೀವಿ. ಹತ್ತು ವರ್ಷ ಮಲಗೋ ವಸ್ತು, ಹತ್ತು ನಿಮಿಷದಲ್ಲಿ ವ್ಯಾಪಾರ ಮುಗೀತು. ಒಂದು ಸೀರೆಗೆ ಮೂರು ಗಂಟೆ ಕೂತು ಇಡೀ ಅಂಗಡಿ ಕೆಳಗಿಳಿಸೋ ಜನ ನಾವು!

ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಹನ್ನೊಂದು ವರ್ಷ ಆಯ್ತು, ಕಂಪ್ಯೂಟರ್ ಮುಂದೆ ಕೂರೋ ಕೆಲ್ಸ, ಆದ್ರಿಂದ ನಡುನೋವು ಬರೋದು ಸಂಬಳ ಬಂದಷ್ಟೇ ಸಹಜ. ಮೊದಲನೇ ಸಲ ನಡ ಹಿಡ್ಕೊಂಡಾಗ ಊರಿಗೆ ಫೋನ್ ಮಾಡಿದ್ರೆ ಅಪ್ಪಾಜಿ ಹೇಳಿದ್ದು ಒಂದೇ ಮಾತು, "ಆ ಮಂಚ ಗಿಂಚ ಬಿಡು, ನೆಲದ ಮೇಲೆ ಹಾಸ್ಕಂಡು ಮಲಗು, ಎಂಟು ದಿನಕ್ಕೆ ಸರಿ ಹೋಗ್ತದೆ." ನಮ್ಮ ಅಜ್ಜಿ ಚಳ್ಳಕೆರೆ ಕಡೆಯೋರು, ಎಂಬತ್ತು ದಾಟಿದ್ರೂ ನೆಲಕ್ಕೆ ಒಂದು ಕಂಬಳಿ ಹಾಕಿ ಮಲಗಿ ಬೆಳಿಗ್ಗೆ ಕೋಳಿಗಿಂತ ಮುಂಚೆ ಏಳ್ತಿದ್ದೋರು, ಹಂಗಾಗಿ ಆ ಮಾತಿಗೆ ಎದುರಾಡೋ ಧೈರ್ಯ ನಮ್ಮನೇಲಿ ಯಾರಿಗೂ ಇಲ್ಲ. ನಾನೂ ಗಾದೀನ ನೆಲಕ್ಕೆ ಇಳಿಸ್ದೆ. ಅದು ನವೆಂಬರ್ ತಿಂಗಳು. ಜನವರಿಯಲ್ಲಿ ಮನೆ ಗುಡಿಸ್ತಾ ಗಾದಿ ಎತ್ತಿದ್ರೆ ಕೆಳಗಡೆ ಪೂರ್ತಿ ಕಪ್ಪು ಕಪ್ಪು ಬೂಷ್ಟು! ಚಳಿ ದೇಶದಲ್ಲಿ ನೆಲ ತಣ್ಣಗೆ, ಮೈ ಬಿಸಿ, ರಾತ್ರಿ ಬೆವರಿನ ತೇವ ಎಲ್ಲಾ ಕೆಳಗೆ ಇಳಿದು ಹೊರಗೆ ಹೋಗೋಕೆ ಜಾಗ ಇಲ್ದೆ ಅಲ್ಲೇ ಬೂಷ್ಟು ಹಿಡಿಯುತ್ತೆ. ಇಲ್ಲಿಯವ್ರು ಗಾದಿ ಕೆಳಗೆ ಪಟ್ಟಿ ಪಟ್ಟಿ ಮರದ ಚೌಕಟ್ಟು ಹಾಕೋದು ಅದಕ್ಕೇ, ಲಾಟನ್‌ರೋಸ್ಟ್ ಅಂತಾರೆ, ಗಾಳಿ ಆಡ್ಬೇಕು ಅಂತ. ಅಪ್ಪಾಜಿ ಸಲಹೆ ದಾವಣಗೆರೆ ನೆಲಕ್ಕೆ ಸರಿ, ಆದ್ರೆ ನೆಲ ಬೇರೆ ಆಗಿತ್ತು. ನಡುನೋವು ಬೇರೆ ಹಂಗೇ ಇತ್ತು.

ಇಲ್ಲಿ ಡಾಕ್ಟರ್ ಹತ್ರ ಹೋದ್ರೆ ಮಾತ್ರೆಗಿಂತ ಮೊದಲು ಫಿಸಿಯೋಥೆರಪಿಗೆ ಬರ್ಕೊಡ್ತಾರೆ, ನನಗೆ ಬರ್ಕೊಟ್ಟಿದ್ದು ಆರು ಸಲ. ಆ ಫಿಸಿಯೋ ಹೆಣ್ಮಗಳು ನನ್ನ ಗಾದಿ ಕಥೆ ಕೇಳಿ ನಕ್ಕು, ಅಂಗಡಿಗೆ ಹೋಗಿ ಮಲಗಿ ನೋಡು, ಕೈಲಿ ಒತ್ತಬೇಡ, ಕೈಗೂ ನಡಕ್ಕೂ ಏನು ಸಂಬಂಧ ಅಂದ್ಲು. ನನಗೆ ತಲೆಗೆ ಹೊಡೆದಂಗಾಯ್ತು. ಅಂಗೈ ಮೇಲೆ ಬೀಳೋ ಭಾರ ಎಷ್ಟು, ಸೊಂಟದ ಮೇಲೆ ಬೀಳೋ ಭಾರ ಎಷ್ಟು! ಅರವತ್ತು ಎಪ್ಪತ್ತು ಕೆಜಿ ಮೈ ಹೊರೋ ವಸ್ತುವನ್ನ ಒಂದು ಕೈಯಲ್ಲಿ ಪರೀಕ್ಷೆ ಮಾಡೋದು ಅಂದ್ರೆ ಚಪ್ಪಲಿ ಸೈಜ್ ಅನ್ನ ಬೆರಳು ಹಾಕಿ ನೋಡಿದಂಗೆ.

ಅಂಗಡಿಯಲ್ಲಿ ನಡೆದಿದ್ದು ಹೇಳ್ತೀನಿ ಕೇಳಿ. ಅಲ್ಲಿದ್ದಾಕೆ ಮೊದಲು ಕೇಳಿದ್ದೇ ನನ್ನ ತೂಕ, ಆಮೇಲೆ ಮಗ್ಗುಲಾಗಿ ಮಲಗ್ತೀಯೋ ಅಂಗಾತನೋ ಅಂತ. ಬೂಟು ಬಿಚ್ಚಿಸಿ, ತಲೆ ಹತ್ರ ಒಂದು ಪೇಪರ್ ಹಾಸಿ, ಮಲಗು ಅಂದ್ಲು. ಸುತ್ತ ನೋಡಿದೆ, ನನ್ನ ಥರ ಇನ್ನೂ ನಾಲ್ಕೈದು ಜನ ಅಲ್ಲಲ್ಲಿ ಶವಾಸನ ಹಾಕಿದ್ರು, ಒಬ್ಬ ತಾತ ಸಣ್ಣಗೆ ಗೊರಕೆನೂ ಹೊಡೀತಿದ್ದ. ಆಕೆ ಪಕ್ಕದಲ್ಲಿ ಬಗ್ಗಿ ನನ್ನ ಬೆನ್ನುಮೂಳೆ ನೇರ ಇದ್ಯಾ ಅಂತ ನೋಡಿದ್ಲು, ನಮ್ಮೂರಲ್ಲಿ ಬಡಗಿ ಒಂದು ಕಣ್ಣು ಮುಚ್ಚಿ ಪಟ್ಟಿ ನೋಡ್ತಾನಲ್ಲ ಹಂಗೆ. ಮಗ್ಗುಲಾಗಿ ಮಲಗಿದಾಗ ಭುಜ, ಸೊಂಟದ ಮೂಳೆ ಸ್ವಲ್ಪ ಒಳಗಿಳೀಬೇಕು, ನಡುವಿನ ತಗ್ಗಿಗೆ ಆಸರೆ ಸಿಗ್ಬೇಕು. ಕಲ್ಲಿನಂಥ ಗಾದಿಯಲ್ಲಿ ಭುಜ ಇಳಿಯಲ್ಲ, ನಡು ಗಾಳಿಯಲ್ಲಿ ತೂಗಾಡುತ್ತೆ. ತೀರಾ ಮೆತ್ತಗಿದ್ರೆ ಸೊಂಟ ಪೂರ್ತಿ ಮುಳುಗಿ ಮೈ ಬಾಳೆಹಣ್ಣಿನಂಗೆ ಬಾಗುತ್ತೆ. ಎರಡೂ ತಪ್ಪು.

ಇದು ಬರೀ ಅಂಗಡಿಯವ್ರ ಮಾತಲ್ಲ. ಸ್ಪೇನ್‌ನಲ್ಲಿ 313 ಜನ ಹಳೇ ನಡುನೋವಿನವ್ರನ್ನ ತಗೊಂಡು, ಅರ್ಧ ಜನಕ್ಕೆ ಗಟ್ಟಿ ಗಾದಿ, ಅರ್ಧ ಜನಕ್ಕೆ ಮಧ್ಯಮ ಗಟ್ಟಿ ಗಾದಿ ಕೊಟ್ಟು 90 ದಿನ ನೋಡಿದ್ರು, 2003ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಾಸಿಗೆಯಲ್ಲಿದ್ದಾಗ ನೋವು, ಎದ್ದಾಗ ನೋವು, ದಿನದ ಕೆಲ್ಸಕ್ಕೆ ತೊಂದ್ರೆ, ಮೂರರಲ್ಲೂ ಮಧ್ಯಮ ಗಾದಿಯವ್ರೇ ಹೆಚ್ಚು ಸುಧಾರಿಸಿದ್ದು. ಒಂದು ಅಂದ್ರೆ ಅತಿ ಗಟ್ಟಿ, ಹತ್ತು ಅಂದ್ರೆ ಅತಿ ಮೆತ್ತಗೆ ಅನ್ನೋ ಅಳತೆಯಲ್ಲಿ ಆ ಮಧ್ಯಮ ಗಾದಿ 5.6, ಗಟ್ಟಿದು 2.3. ಅಂದ್ರೆ ನಮ್ಮೂರಲ್ಲಿ ಗುದ್ದಿ ತೋರ್ಸೋ ಗಾದಿ ಯಾವ ಕಡೆ ಬೀಳುತ್ತೆ ಅಂತ ನೀವೇ ಲೆಕ್ಕ ಹಾಕಿ. ಗಾದಿ ಬದಲಾಯಿಸಿದ್ರೆ ನೋವೆಲ್ಲಾ ಮಾಯ ಅಂತ ನಾನು ಹೇಳ್ತಿಲ್ಲ, ನನಗಂತೂ ಅರ್ಧ ಕಮ್ಮಿ ಆಗಿದ್ದು ವ್ಯಾಯಾಮದಿಂದ. ಮತ್ತೆ ಕಾಲು ಜೋಮು ಹಿಡಿದು ಶಕ್ತಿ ಹೋಗ್ತಿದ್ರೆ, ಉಚ್ಚೆ ಹಿಡಿತಕ್ಕೆ ಸಿಗ್ತಿಲ್ಲ ಅಂದ್ರೆ, ನೋವಿನ ಜೊತೆ ಜ್ವರ ಇದ್ರೆ ಗಾದಿ ಅಂಗಡಿಗಲ್ಲ, ತಡ ಮಾಡ್ದೆ ಆಸ್ಪತ್ರೆಗೆ ಓಡಿ.

ಈ ಗಟ್ಟಿ ಅಂದ್ರೆ ಒಳ್ಳೇದು ಅನ್ನೋ ನಂಬಿಕೆ ನಮಗೆ ಎಲ್ಲಿಂದ ಬಂತು? ನನ್ನ ಅನುಮಾನ ಹತ್ತಿ ಮೇಲೆ. ದಾವಣಗೆರೆ ಅಂದ್ರೆ ಈಗ ಬೆಣ್ಣೆದೋಸೆ ಅಂತಾರೆ, ಆದ್ರೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸ್ಕೊಂಡ ಊರು, ಹತ್ತಿ ಮಿಲ್ಲುಗಳ ಊರು. ಮಿಲ್ಲು ಒಂದೊಂದೇ ಮುಚ್ಚಿದ್ವು, ಸುತ್ತ ಹೊಲಕ್ಕೆ ಮೆಕ್ಕೆಜೋಳ ಬಂತು, ಆದ್ರೆ ನಾನು ಹುಡುಗ ಇದ್ದಾಗ ಮನೆ ಮನೇಲೂ ಹತ್ತಿ ಗಾದಿನೇ. ಹತ್ತಿ ಗಾದಿ ಹೊಸದ್ರಲ್ಲಿ ಸ್ವರ್ಗ, ಆಮೇಲೆ ಗಂಟು ಕಟ್ಟಿ ನಡುವೆ ಹಳ್ಳ ಬೀಳುತ್ತೆ, ಇಬ್ರು ಮಲಗಿದ್ರೆ ಬೆಳಗಾಗೋದ್ರಲ್ಲಿ ಇಬ್ರೂ ಹಳ್ಳದಲ್ಲಿ. ಅಂಥ ಗಾದಿಯಿಂದ ಎದ್ದು ನಡ ಹಿಡ್ಕೊಂಡು ಡಾಕ್ಟರ್ ಹತ್ರ ಹೋದ್ರೆ ಹಲಗೆ ಮೇಲೆ ಮಲಗ್ರೀ ಅಂತಿದ್ರು, ಹಳ್ಳಕ್ಕಿಂತ ಹಲಗೆ ವಾಸಿ ಅನ್ನಿಸ್ತಿತ್ತು, ಸರಿನೇ. ಆದ್ರೆ ಹಳ್ಳ ಕೆಟ್ಟದ್ದು ಅಂತ ಕಲೀಬೇಕಾದ ಪಾಠವನ್ನ ನಾವು ಮೆತ್ತಗಿರೋದೆಲ್ಲಾ ಕೆಟ್ಟದ್ದು ಅಂತ ಕಲ್ತು ಕೂತಿದೀವಿ.

ಆ ಹತ್ತಿ ಗಾದಿಗೆ ಇದ್ದ ಒಂದು ಗುಣ ಜರ್ಮನಿಯ ಯಾವ ಗಾದಿಗೂ ಇಲ್ಲ, ಅದನ್ನ ರಿಪೇರಿ ಮಾಡ್ಬಹುದಿತ್ತು. ಬೇಸಿಗೆ ರಜೆಯಲ್ಲಿ ಹತ್ತಿ ಹಿಂಜೋರು ಬರ್ತಿದ್ರು, ಉದ್ದನೆ ಬಿಲ್ಲಿನ ಟೊಂಯ್ ಟೊಂಯ್ ಶಬ್ದ ಓಣಿ ತುದೀಲಿ ಕೇಳಿದ್ರೆ ನಮ್ಮವ್ವ ಓಡಿ ಹೋಗಿ ಕರೀತಿದ್ಲು. ಮಾಳಿಗೆ ಮೇಲೆ ಗಾದಿ ಹೊಲಿಗೆ ಬಿಚ್ಚಿ, ಕಲ್ಲಾಗಿರೋ ಹತ್ತೀನ ಹಿಂಜಿ ಹಿಂಜಿ ಮೋಡದ ಥರ ರಾಶಿ ಹಾಕಿ, ಅದೇ ಪಟ್ಟಾಪಟ್ಟಿ ಬಟ್ಟೆಗೆ ತುಂಬಿ, ದಬ್ಬಣದಲ್ಲಿ ಅಲ್ಲಲ್ಲಿ ಟಾಕಿ ಹಾಕ್ತಿದ್ರು. ಅವ್ವ ಪಕ್ಕದಲ್ಲೇ ಕೂತು "ನಡಾ ಬರ ಕಡಿಗೆ ಇನ್ನೊಂಚೂರು ತುಂಬಪ್ಪಾ" ಅಂತಿದ್ಲು. ಈಗ ಜರ್ಮನಿಯಲ್ಲಿ ಏಳು ವಲಯದ ಗಾದಿ, ಸೊಂಟಕ್ಕೆ ಒಂದು ಭುಜಕ್ಕೆ ಒಂದು ಅಂತ ಸಾವಿರ ಯೂರೋ ಹೇಳ್ತಾರೆ, ನಮ್ಮವ್ವ ಅದನ್ನ ಮಾಳಿಗೆ ಮೇಲೆ ಕೂತು ಮಾಡಿಸ್ತಿದ್ಲು.

ಹಂಗಂತ ಜರ್ಮನ್ನರು ಹೇಳಿದ್ದೆಲ್ಲಾ ವೇದವಾಕ್ಯ ಅಲ್ಲ. ಇಲ್ಲಿ ಗಾದಿಗೆ ಹೆಚ್-1 ರಿಂದ ಹೆಚ್-5 ತನಕ ಗಟ್ಟಿತನದ ನಂಬರ್ ಇರುತ್ತೆ, ತೂಕ ನೋಡಿ ನಂಬರ್ ಕೊಡ್ತಾರೆ, ಎಲ್ಲಾ ಭಾರೀ ವೈಜ್ಞಾನಿಕ ಅನ್ಸುತ್ತೆ. ಆದ್ರೆ ಆ ನಂಬರಿಗೆ ಎಲ್ಲರಿಗೂ ಒಂದೇ ಅಂತ ಮಾನದಂಡ ಇಲ್ಲ, ಒಂದು ಕಂಪನಿ ಹೆಚ್-3 ಇನ್ನೊಂದು ಕಂಪನಿ ಹೆಚ್-2ಕ್ಕಿಂತ ಮೆತ್ತಗೆ ಇರ್ಬಹುದು. ನಮ್ಮಲ್ಲಿ ಎಲ್ಲಾ ಗಾದಿ ಮೇಲೂ ಆರ್ಥೋಪೆಡಿಕ್ ಅಂತ ಬರ್ದಿರ್ತಾರಲ್ಲ, ಅದರ ಅಣ್ಣತಮ್ಮ ಇದು. ನಂಬರ್ ಓದ್ಬೇಡಿ, ಮಲಗಿ. ಆದ್ರೂ ಇವ್ರನ್ನ ನೋಡಿ ಹೊಟ್ಟೆ ಉರಿಯೋದು ಎರಡಕ್ಕೆ. 2019ರಲ್ಲಿ ಯುರೋಪಿನ ಕೋರ್ಟಿಗೆ ಇಲ್ಲಿಂದಲೇ ಒಂದು ಕೇಸು ಹೋಗಿತ್ತು, ಆನ್‌ಲೈನ್‌ನಲ್ಲಿ ತರಿಸಿದ ಗಾದಿಯ ಪ್ಲಾಸ್ಟಿಕ್ ಹರಿದ್ಮೇಲೆ ವಾಪಸ್ ಕೊಡ್ಬಹುದಾ ಅಂತ. ಕೊಡ್ಬಹುದು ಅಂತ ತೀರ್ಪಾಯ್ತು, ಬಟ್ಟೆ ಹಾಕಿ ನೋಡಿ ವಾಪಸ್ ಕೊಡಲ್ವಾ ಹಂಗೇ ಅಂತ. ಹದಿನಾಲ್ಕು ದಿನ ಟೈಮು. ಇನ್ನೊಂದು, ಗಂಡ ಹೆಂಡ್ತಿ ಡಬಲ್ ಮಂಚದಲ್ಲಿ ಎರಡು ಬೇರೆ ಬೇರೆ ಗಾದಿ ಹಾಕ್ಕೋತಾರೆ, ನನಗೆ ಗಟ್ಟಿ ಅವಳಿಗೆ ಮೆತ್ತಗೆ. ನಡುವಿನ ಸಂದಿಗೆ ಹಾಕೋ ಸ್ಪಂಜಿನ ತುಂಡಿಗೆ ಪ್ರೀತಿಯ ಸೇತುವೆ ಅಂತ ಹೆಸರಿಟ್ಟಿದಾರೆ ಪುಣ್ಯಾತ್ಮರು. ನಮ್ಮ ಮನೇಲಿ ಹಾಕಿದ ಮೇಲೆ ಅತ್ತೆ ಊರಿಂದ ಬಂದು ನೋಡಿ "ಯಾಕಪ್ಪಾ, ಏನಾದ್ರೂ ಜಗಳ ಆಡ್ಕಂಡೀರೇನು?" ಅಂತ ಕೇಳಿದ್ರು.

ಈಗ ನನ್ನ ದಡ್ಡತನ. ಹೋದ ವರ್ಷ ಅವ್ವನಿಗೆ ನಡುನೋವು ಅಂತ ಗೊತ್ತಾಗಿ ಇಲ್ಲಿಂದ ಒಂದು ಮೆಮೊರಿ ಫೋಮ್ ಟಾಪರ್, ಅಂದ್ರೆ ಗಾದಿ ಮೇಲೆ ಹಾಸೋ ಸ್ಪಂಜಿನ ಪದರ, ಸುರುಳಿ ಸುತ್ತಿದ್ದನ್ನ ಹಂಗೇ ಲಗೇಜಿಗೆ ಹಾಕ್ಕೊಂಡು ಹೋದೆ. 1966ರಲ್ಲಿ ನಾಸಾದವ್ರು ವಿಮಾನದ ಸೀಟಿಗೆ ಅಂತ ಮಾಡಿಸಿದ ಸ್ಪಂಜು ಇದು, ಮೈ ಶಾಖಕ್ಕೆ ಕರಗಿದಂಗೆ ಮೆತ್ತಗಾಗುತ್ತೆ, ತಣ್ಣಗಾದ್ರೆ ಬಿರುಸಾಗುತ್ತೆ. ನನ್ನ ರೂಮಲ್ಲಿ ಹದಿನಾರು ಡಿಗ್ರಿ, ಅಲ್ಲಿ ಅದು ಹದವಾಗಿತ್ತು. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ರಾತ್ರಿ ಹತ್ತಾದ್ರೂ ಗೋಡೆ ಬಿಸಿ. ಅವ್ವ ಒಂದು ರಾತ್ರಿ ಮಲಗಿ ಬೆಳಿಗ್ಗೆ "ಗದ್ದೆ ಕೆಸರಾಗ ಹೂತ್ಕಂಡಂಗಾತು, ಮಗ್ಗಲು ಬದಲಾಯ್ಸಾಕೆ ಬರಂಗಿಲ್ಲ, ಮೈಯೆಲ್ಲಾ ಬೆವರು" ಅಂದ್ಲು. ಎಂಟು ಸಾವಿರ ಕಿಲೋಮೀಟರು ಹೊತ್ಕೊಂಡು ಬಂದಿದ್ದೆ ಅಂತ ಹೇಳೋಕೂ ಬಾಯಿ ಬರ್ಲಿಲ್ಲ.

ಸರಿ, ಊರಲ್ಲೇ ತಗೊಳ್ಳೋಣ ಅಂತ ಅವ್ವನ್ನ ಕರ್ಕೊಂಡು ಅಂಗಡಿಗೆ ಹೋದೆ. ಮೊದಲೇ ಮಂಚದ ಅಳತೆಗೆ ದಾರ ಹಿಡಿದು ಗಂಟು ಹಾಕ್ಕೊಂಡು ಬಂದಿದ್ಲು, ಹಳೇ ತೇಗದ ಮಂಚ, ಯಾವ ಸೈಜಿಗೂ ಸೇರಲ್ಲ. ಜರ್ಮನಿಯಲ್ಲಿ ಆ ದಾರ ತೋರ್ಸಿದ್ರೆ ಹೊಸ ಮಂಚ ತಗೋ ಅಂತಾರೆ, ಇಲ್ಲಿ ಅಂಗಡಿಯವ್ರು ದಾರ ಇಸ್ಕೊಂಡು ಅಳೆದು "ಆಯ್ತು ಬಿಡ್ರಿ ಅಮ್ಮ, ಇದೇ ಸೈಜಿಗೆ ಮಾಡ್ಸಿ ಕೊಡನ" ಅಂದ್ರು. ಆಮೇಲೆ ಗುದ್ದೋಕೆ ಮುಷ್ಟಿ ಕಟ್ಟಿದ್ರು. ನಾನು ತಡೆದು, ಅವ್ವ ಮಲಗಿ ನೋಡ್ಲಿ ಅಂದೆ.

"ಏನು? ಬೀದೀಗೆ ಕಾಣಂಗೆ ಅಂಗಡ್ಯಾಗ ಮಲಗ್ಲೇನು ನಾನು? ಮಾನ ಮರ್ಯಾದಿ ಐತೋ ಇಲ್ಲೋ ನಿಂಗೆ?"

ನಿಜ ಹೇಳ್ಬೇಕಂದ್ರೆ ನಮ್ಮ ಅಂಗೈ ಪರೀಕ್ಷೆಗೆ ಮೂಲ ಕಾರಣ ಇದೇ ಇರ್ಬೇಕು, ದಡ್ಡತನ ಅಲ್ಲ, ಸಂಕೋಚ. ನಡುನೋವು ಜಾಸ್ತಿ ಇರೋದು ಹೆಂಗಸರಿಗೆ ನಮ್ಮ ಮನೆಗಳಲ್ಲಿ, ಗಾದಿ ಒತ್ತಿ ನೋಡಿ ತರೋದು ಗಂಡಸರು. ಅಂಗಡಿಯವ್ರು ಒಳ್ಳೇ ಮನುಷ್ಯ, ಏನೂ ಮಾತಾಡ್ದೆ ಶಟರ್ ಅರ್ಧ ಎಳೆದು, ಹುಡುಗರನ್ನ ಟೀಗೆ ಕಳ್ಸಿ, ತಾವು ಬೀದಿ ಕಡೆ ಮುಖ ಮಾಡಿ ನಿಂತ್ರು. ಅವ್ವ ಸೆರಗು ಸರಿ ಮಾಡ್ಕೊಂಡು ಕಲ್ಲಿನಂಥದ್ರ ಮೇಲೆ ಅಂಗಾತ ಮಲಗಿದ್ಲು, ನಡುವಿನ ಕೆಳಗೆ ನನ್ನ ಕೈ ಸಲೀಸಾಗಿ ಆಕಡೆ ಹೋಯ್ತು, ಅಂದ್ರೆ ಆಸರೆ ಇಲ್ಲ. ತೀರಾ ಮೆತ್ತನೆದ್ರಲ್ಲಿ ಕೈ ತೂರೋಕೇ ಆಗ್ಲಿಲ್ಲ, ಏಳೋಕೆ ಕೈ ಹಿಡಿದು ಎಬ್ಬಿಸ್ಬೇಕಾಯ್ತು, ವಯಸ್ಸಾದೋರಿಗೆ ಇದೂ ನೋಡ್ಬೇಕು, ಮಗ್ಗುಲಾಗಿ ತಾವೇ ಎದ್ದು ಕಾಲು ನೆಲಕ್ಕೆ ಊರೋ ಹಂಗಿರ್ಬೇಕು. ಮೂರನೇದು ಕೆಳಗೆ ತೆಂಗಿನ ನಾರು, ಮೇಲೆ ಎರಡಿಂಚು ಸ್ಪಂಜು. ಕೈ ಹೋಯ್ತು, ಆದ್ರೆ ತಾಗ್ಕೊಂಡೇ ಹೋಯ್ತು. ಮಗ್ಗುಲಾಗು ಅಂದೆ, ಮಂಡಿ ನಡುವೆ ಒಂದು ದಿಂಬು ಕೊಟ್ಟೆ. ಅವ್ವ ಕಣ್ಣು ಮುಚ್ಚಿದ್ಲು. ಐದು ನಿಮಿಷ ಆಯ್ತು, ಹತ್ತಾಯ್ತು, ಏಳ್ಲಿಲ್ಲ.

ಅಷ್ಟೊತ್ತಿಗೆ ಕುಂದವಾಡ ಕೆರೆ ಏರಿ ಮೇಲೆ ಅವ್ವನ ಜೊತೆ ವಾಕಿಂಗ್ ಮಾಡೋ ಒಬ್ರು ಆಂಟಿ ಶಟರ್ ಕೆಳಗಿಂದ ಬಗ್ಗಿ ನೋಡಿ ಗಾಬರಿಯಾಗಿ ಒಳಗೆ ಬಂದ್ರು. "ಅಯ್ಯೋ ಏನಾತ್ರೀ ಅಮ್ಮಾರ್ಗೆ? ತಲೆ ತಿರುಗ್ತೇನು? ನೀರು ತರ್ಲಾ?"

ಅವ್ವ ಕಣ್ಣು ಬಿಡದೇನೇ "ಏನಿಲ್ಲ ಕಣೇ, ಗಾದಿ ತಗಳಾಕೆ ಬಂದೀವಿ. ನಿನಗೂ ನಡಾ ನೋಯ್ತದಲ್ಲ, ಬಾ ಇಲ್ಲಿ, ಚಪ್ಪಲಿ ಬಿಟ್ಟು ಆ ಕಡೀದ್ರ ಮೇಲೆ ಒಂಚೂರು ಮಲಗು" ಅಂದ್ಲು.

ಗಾದಿ ನಾಲ್ಕು ದಿನಕ್ಕೆ ಮನೆಗೆ ಬಂತು, ದಾರದ ಅಳತೆಗೆ ಸರಿಯಾಗಿ. ಟಾಪರನ್ನ ಅಪ್ಪಾಜಿ ಈಳಿಗೆಮಣೆಯಲ್ಲಿ ಎರಡು ತುಂಡು ಮಾಡಿ ಜೋಕಾಲಿಗೆ ಹಾಕ್ಕೊಂಡಿದಾರೆ, ಮಧ್ಯಾಹ್ನ ಅದರ ಮೇಲೆ ಮಲಗಿ ಫೋನ್ ಮಾಡಿ "ನೆಲದಷ್ಟು ಸುಖ ಇಲ್ಲ ಬಿಡಪ್ಪಾ" ಅಂತಾರೆ.