ಸತ್ಯಾಂಶ: ಟಿಪ್ಲರ್ ಪಾರಿವಾಳ ಆಕಾಶದಲ್ಲೇ ನಿದ್ದೆ ಮಾಡುತ್ತದೆಯೇ?

“ಟಿಪ್ಲರ್ ಪಾರಿವಾಳ ಮೂರು ದಿನ ಕೆಳಗಿಳಿಯದೆ ಹಾರುತ್ತದೆ, ನಿದ್ದೆಯೂ ಆಕಾಶದಲ್ಲೇ.” ಇಂಥ ಸಂದೇಶ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಟಿಪ್ಲರ್ ಇಂಗ್ಲೆಂಡಿನ ತಳಿ. 19ನೇ ಶತಮಾನದಲ್ಲಿ ಚೆಷೈರ್‌ನ ಮ್ಯಾಕಲ್ಸ್‌ಫೀಲ್ಡ್ ಸುತ್ತಮುತ್ತ ಬೆಳೆದು ಬಂತು. ಸ್ಪರ್ಧೆಯಲ್ಲಿ ಅದರ ಅತಿ ಉದ್ದದ ಹಾರಾಟ ಸುಮಾರು 22 ಗಂಟೆ. ಒಂದು ದಿನವೂ ತುಂಬಲಿಲ್ಲ, ಅಲ್ವಾ? ಆದರೂ ಇಷ್ಟು ಪುಟ್ಟ ಹಕ್ಕಿಗೆ ಅದು ಸಣ್ಣ ಮಾತಲ್ಲ.

ಅಷ್ಟು ಹೊತ್ತು ಹಾರಲು ಬಲ ಎಲ್ಲಿಂದ? ಮುಖ್ಯವಾಗಿ ದೇಹದಲ್ಲಿ ಕೂಡಿಟ್ಟ ಕೊಬ್ಬಿನಿಂದ. ಅದಕ್ಕೇ ಸಾಕುವವರು ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಕಾಳಿನ ಲೆಕ್ಕವನ್ನು ತುಂಬಾ ಎಚ್ಚರಿಕೆಯಿಂದ ಬದಲಿಸುತ್ತಾರೆ. ಹಕ್ಕಿಗಳು ಗುಂಪಾಗಿ ಗೂಡಿನ ಮೇಲೆಯೇ ಸುತ್ತುತ್ತವೆ, ಊರೂರು ದಾಟಿ ಹೋಗುವುದಿಲ್ಲ. ಸ್ಪರ್ಧೆಯಲ್ಲಿ ಒಂದು ಹಕ್ಕಿ ಇಳಿದರೂ ಗುಂಪಿನ ಹಾರಾಟ ಮುಗಿದಂತೆ. ಇಳಿಸಬೇಕಾದಾಗ ಬೇರೆ ಬಣ್ಣದ, ಹೆಚ್ಚಾಗಿ ಬಿಳಿ ಪಾರಿವಾಳಗಳನ್ನು ಚಾವಣಿಯ ಮೇಲೆ ಬಿಡುತ್ತಾರೆ. ಅದೇ ಸನ್ನೆ. ಮರಿಯಿದ್ದಾಗಿನಿಂದ ಕಲಿಸಿದ ಪಾಠ ಅದು. ನನಗೆ ಈ ತಳಿಯಲ್ಲಿ ಅತಿ ಇಷ್ಟವಾಗುವುದು ಸಾಕಿದವರ ಮೇಲಿನ ಈ ನಂಬಿಕೆಯೇ.

ಹಾರುತ್ತಲೇ ನಿದ್ದೆ ಮಾಡುವ ಹಕ್ಕಿ ಇಲ್ಲವೇ ಇಲ್ಲ ಅಂತಲ್ಲ. ಗ್ಯಾಲಪಗೋಸ್ ದ್ವೀಪಗಳ ಫ್ರಿಗೇಟ್ ಹಕ್ಕಿ ಹಾಗೆ ಮಾಡುವುದನ್ನು 2016ರಲ್ಲಿ ಮಿದುಳಿನ ಅಲೆಗಳನ್ನು ಅಳೆದು ತೋರಿಸಿದರು. ಅದು ರೆಕ್ಕೆ ಚಾಚಿ ಗಾಳಿಯಲ್ಲಿ ತೇಲುವ ಕಡಲ ಹಕ್ಕಿ. ಪಾರಿವಾಳ ರೆಕ್ಕೆ ಬಡಿಯುತ್ತಲೇ ಇರಬೇಕು.

ಸಂದೇಶ ನಂಬಿ ಯಾರೂ ಸುಮ್ನೆ ಹಕ್ಕಿಯನ್ನು ದಿನಗಟ್ಟಲೆ ಹಾರಿಸಲು ಹೋಗಬೇಡಿ. ದಣಿದ ಪಾರಿವಾಳ ಗಿಡುಗಕ್ಕೆ ಬೇಗ ಸಿಗುತ್ತದೆ.