ಕ್ರೇಮರ್ ಸುಮ್ಮನಿದ್ದ ದಿನ

ಷೇರು ಮಾತಾಡುವ ಗುಂಪುಗಳಲ್ಲಿ ಅಮೆರಿಕದ ಟೀವಿ ಷೇರು ಪಂಡಿತ ಜಿಮ್ ಕ್ರೇಮರ್ ಹೆಸರು ಬಂದರೆ ಸಾಕು, ನಗೆ ಏಳುತ್ತೆ. ಆತ ‘ತಗೊಳ್ಳಿ’ ಅಂದರೆ ಮಾರಬೇಕು, ‘ಮಾರಿ’ ಅಂದರೆ ತಗೋಬೇಕು ಅನ್ನೋ ಮೀಮು ಅಮೆರಿಕದಿಂದ ನಮ್ಮ ಟೆಲಿಗ್ರಾಂ ಗ್ರೂಪಿನವರೆಗೂ ಬಂದಿದೆ. ನನಗೂ ಆ ಮೀಮು ಇಷ್ಟವೇ. ಆದರೆ ಟೀವಿ ಷೇರು ಪಂಡಿತರ ಬಗ್ಗೆ ನನಗಿರುವ ತಕರಾರನ್ನು ಹೇಳೋಕೆ ಈತನ ಬದುಕಿಗಿಂತ ಒಳ್ಳೆ ಸಾಕ್ಷಿ ಸಿಕ್ಕಿಲ್ಲ.

ಕ್ರೇಮರ್ ಮೊದಲು ವರದಿಗಾರ. 1977ರಲ್ಲಿ ಹಾರ್ವರ್ಡ್ ಮುಗಿಸಿ ಫ್ಲಾರಿಡಾದ ಟಲಹಾಸಿಯಲ್ಲಿ ಪತ್ರಿಕೆ ಸೇರಿದ. ಸರಣಿ ಹಂತಕ ಟೆಡ್ ಬಂಡಿ ಅಲ್ಲಿ ಮಾಡಿದ ಕೊಲೆಗಳ ಸುದ್ದಿ ಬರೆದ. ಆಮೇಲೆ ಲಾಸ್ ಏಂಜಲಿಸ್. ಅಲ್ಲಿ ಕಳ್ಳರು ಮನೆ ದೋಚಿಬಿಟ್ಟರು. ತಿಂಗಳುಗಟ್ಟಲೆ ಕಾರಿನಲ್ಲೇ ಮಲಗಿದ.

ಷೇರಿನ ಹುಚ್ಚು ಬಲಿತದ್ದು ಹಾರ್ವರ್ಡ್‌ನಲ್ಲಿ ಮತ್ತೆ ಲಾ ಓದೋಕೆ ಹೋದಾಗ. ಮನೆಯ ಆನ್ಸರಿಂಗ್ ಮಶೀನಿನಲ್ಲಿ ‘ನಾನು ಮನೇಲಿಲ್ಲ’ ಅನ್ನೋದರ ಜೊತೆ ಯಾವ ಷೇರು ತಗೋಬೇಕು ಅನ್ನೋದನ್ನೂ ರೆಕಾರ್ಡ್ ಮಾಡಿಡುತ್ತಿದ್ದ. ‘ದಿ ನ್ಯೂ ರಿಪಬ್ಲಿಕ್’ ಪತ್ರಿಕೆಯ ಮಾಲೀಕ ಮಾರ್ಟಿನ್ ಪೆರೆಟ್ಜ್ ಯಾವುದೋ ಬರಹದ ವಿಷಯಕ್ಕೆ ಫೋನ್ ಮಾಡಿದರೆ ಆಸಾಮಿ ಸಿಗಲಿಲ್ಲ, ಟಿಪ್ ಸಿಕ್ಕಿತು. ಟಿಪ್ ಫಲಿಸಿತು. ಕೊನೆಗೆ ಪೆರೆಟ್ಜ್ 5 ಲಕ್ಷ ಡಾಲರಿನ ಚೆಕ್ ಬರೆದು ‘ನನ್ನ ದುಡ್ಡನ್ನೂ ನೋಡಿಕೋ’ ಅಂತ ಕೈಗಿಟ್ಟ. ವಿದ್ಯಾರ್ಥಿಯ ಕೈಗೆ! ಅಲ್ಲಿಂದ ಗೋಲ್ಡ್‌ಮನ್ ಸ್ಯಾಕ್ಸ್ ಅನ್ನೋ ಹೂಡಿಕೆ ಬ್ಯಾಂಕು, 1987ರಲ್ಲಿ ಸಿರಿವಂತರ ದುಡ್ಡು ಹೂಡುವ ಸ್ವಂತ ಹೆಡ್ಜ್ ಫಂಡ್.

ಆ ವರ್ಷದ ಅಕ್ಟೋಬರ್ 19ರಂದು ಅಮೆರಿಕದ ಷೇರುಪೇಟೆಯ ಡೌ ಸೂಚ್ಯಂಕ ಒಂದೇ ದಿನ ಶೇ. 22.6 ಕುಸಿಯಿತು. ಘಟಾನುಘಟಿಗಳು ಮಣ್ಣು ಮುಕ್ಕಿದರು. ಕ್ರೇಮರ್ ಬಚಾವ್. ಮುಂದೆ ಅವನ ಹೆಂಡತಿಯಾದ ಕರೆನ್ ಪಟ್ಟು ಹಿಡಿದು ಎಲ್ಲವನ್ನೂ ಮಾರಿಸಿ ದುಡ್ಡನ್ನು ನಗದಾಗಿ ಇಡಿಸಿದ್ದಳಂತೆ. ಕ್ರೇಮರನೇ ಹೇಳಿಕೊಂಡಿರುವ ಕಥೆ ಇದು. ಅವನ ಹೆಸರು ನಿಂತಿದ್ದೇ ಅಲ್ಲಿ, ಏನೂ ಕೊಳ್ಳದೆ ಕೈಕಟ್ಟಿ ಕೂತದ್ದರಿಂದ.

ಈಗ ಇದನ್ನು ಟೀವಿಗೆ ತನ್ನಿ ನೋಡೋಣ.

2005ರ ಮಾರ್ಚ್‌ನಲ್ಲಿ ಸಿಎನ್‌ಬಿಸಿಯಲ್ಲಿ ‘ಮ್ಯಾಡ್ ಮನಿ’ ಶುರುವಾಯಿತು. ಅಂಗಿ ತೋಳು ಮಡಚಿಕೊಂಡ ಕ್ರೇಮರ್ ಸ್ಟುಡಿಯೋ ತುಂಬಾ ಓಡಾಡುತ್ತಾನೆ, ಕೆಂಪು ಗುಂಡಿಗಳನ್ನು ಗುದ್ದುತ್ತಾನೆ, ಗೂಳಿ ಗುಟುರು ಹಾಕುತ್ತೆ, ಕುರ್ಚಿ ಹಾರುತ್ತೆ. ಫೋನ್ ಮಾಡಿದವರು ‘ಬೂಯಾ!’ ಅಂತ ಕೂಗಿ ಕಂಪನಿ ಹೆಸರು ಹೇಳಿದರೆ ಕ್ಷಣದಲ್ಲಿ ತೀರ್ಪು: ಕೊಳ್ಳಿ, ಮಾರಿ. ಇದು ವಾರಕ್ಕೆ ಐದು ಸಂಜೆ. ನಮ್ಮ ಚಾನೆಲ್‌ಗಳಲ್ಲಿ ಬೆಳಗ್ಗೆ ದಿನಭವಿಷ್ಯ ಹೇಳುವವರು ‘ಇವತ್ತು ಮಿಥುನ ರಾಶಿಯವರಿಗೆ ಏನೂ ವಿಶೇಷ ಇಲ್ಲ’ ಅನ್ನೋಕಾಗುತ್ತಾ? ಅದೇ ಪಾಡು. ‘ಇವತ್ತು ಏನೂ ಮಾಡಬೇಡಿ, ಹೋಗಿ ಮಲಗಿ’ ಅಂದರೆ ನಾಳೆ ಆ ಚಾನೆಲ್ ಹಾಕುವವರು ಯಾರು?

ಆತನಿಗೆ ಏನೂ ಗೊತ್ತಿಲ್ಲ ಅನ್ನುವವರ ಮಾತು ನಾನು ಒಪ್ಪಲ್ಲ. 2007ರ ಆಗಸ್ಟ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡ್ ಬಗ್ಗೆ ‘ಅವರಿಗೆ ಏನೂ ಗೊತ್ತಿಲ್ಲ’ ಅಂತ ಲೈವ್‌ನಲ್ಲೇ ಗಂಟಲು ಹರಿದುಕೊಂಡ. ಜನ ಹುಚ್ಚ ಅಂದರು. ಆತ ಹೆದರಿದ್ದ ಬ್ಯಾಂಕುಗಳ ಬಿಕ್ಕಟ್ಟು ವರ್ಷದೊಳಗೆ ನಿಜವಾಯಿತು.

ಆದರೆ 2008ರ ಮಾರ್ಚ್ 11 ನೋಡಿ. ಒಬ್ಬ ವೀಕ್ಷಕನ ಪ್ರಶ್ನೆ: ಹೂಡಿಕೆ ಬ್ಯಾಂಕು ಬೇರ್ ಸ್ಟರ್ನ್ಸ್ ಬಗ್ಗೆ ಭಯ ಆಗ್ತಿದೆ, ನನ್ನ ದುಡ್ಡು ತೆಗೆದುಬಿಡಲಾ? ‘ಇಲ್ಲ, ಇಲ್ಲ, ಇಲ್ಲ! ಬೇರ್ ಸ್ಟರ್ನ್ಸ್ ಚೆನ್ನಾಗಿದೆ!’ ಅಂತ ಕ್ರೇಮರ್ ಕಿರುಚಿದ. ಆಗ ಷೇರು 60 ಡಾಲರ್ ಆಸುಪಾಸಿನಲ್ಲಿತ್ತು. ಅದೇ ವಾರಾಂತ್ಯ ಜೆಪಿ ಮಾರ್ಗನ್ ಬ್ಯಾಂಕು ಆ ಕಂಪನಿಯನ್ನು ಷೇರಿಗೆ 2 ಡಾಲರ್‌ನಂತೆ ಕೊಳ್ಳೋಕೆ ಒಪ್ಪಂದ ಮಾಡಿಕೊಂಡಿತು. ಆಮೇಲೆ ಅದು 10 ಆಯಿತು. ‘ನಾನು ಹೇಳಿದ್ದು ಅಲ್ಲಿನ ಖಾತೆಯಲ್ಲಿರುವ ದುಡ್ಡಿನ ಬಗ್ಗೆ, ಷೇರಿನ ಬಗ್ಗೆ ಅಲ್ಲ’ ಅಂತ ಕ್ರೇಮರ್ ಸಮಜಾಯಿಷಿ ಕೊಟ್ಟ. ತಾಂತ್ರಿಕವಾಗಿ ಸರಿಯೇ, ಖಾತೆದಾರರ ದುಡ್ಡು ಮುಳುಗಲಿಲ್ಲ. ಆದರೆ ಆ ಗದ್ದಲದಲ್ಲಿ ಖಾತೆ ಯಾವುದು, ಷೇರು ಯಾವುದು ಅಂತ ಬಿಡಿಸಿ ಕೇಳಿಸಿಕೊಳ್ಳೋರು ಯಾರು ಸ್ವಾಮಿ? ನಿಧಾನವಾಗಿ ಎರಡು ವಾಕ್ಯದಲ್ಲಿ ಹೇಳಬೇಕಾದ್ದನ್ನು ಗುಂಡಿ ಗುದ್ದಿ ಹೇಳಿದರೆ ಆಗೋದೇ ಇದು.

ಅದೇ ವರ್ಷ ಅಕ್ಟೋಬರ್ 6ರಂದು ಇನ್ನೊಂದು ಕಾರ್ಯಕ್ರಮದಲ್ಲಿ, ಗೂಳಿ ಗುಟುರು ಯಾವುದೂ ಇಲ್ಲದೆ, ‘ಮುಂದಿನ ಐದು ವರ್ಷದಲ್ಲಿ ಬೇಕಾಗುವ ದುಡ್ಡನ್ನು ಷೇರಿನಿಂದ ತೆಗೆಯಿರಿ’ ಅಂದ. ಭಯ ಹುಟ್ಟಿಸ್ತಾನೆ ಅಂತ ಬೈಸಿಕೊಂಡ. ಡೌ ಅವತ್ತು 10,000ದ ಕೆಳಗಿಳಿಯಿತು, ಮರುವರ್ಷ ಮಾರ್ಚ್‌ಗೆ 6,547. ನನ್ನ ಪ್ರಕಾರ ಆತ ಟೀವಿಯಲ್ಲಿ ಕೊಟ್ಟ ಅತ್ಯುತ್ತಮ ಸಲಹೆ ಇದು, ಮತ್ತು ಅದರಲ್ಲಿ ಒಂದೇ ಒಂದು ಕಂಪನಿಯ ಹೆಸರಿರಲಿಲ್ಲ.

2009ರ ಮಾರ್ಚ್ 12ರಂದು ಹಾಸ್ಯಗಾರ ಜಾನ್ ಸ್ಟುವರ್ಟ್ ತನ್ನ ಟೀವಿ ಶೋಗೆ ಕರೆಸಿ ನೀರಿಳಿಸಿದ. ಕ್ರೇಮರ್ ಹೆಚ್ಚು ವಾದಿಸಲಿಲ್ಲ, ತಲೆ ತಗ್ಗಿಸಿ ಕೇಳಿದ. ಆ ಎಪಿಸೋಡ್ ಆದಮೇಲೂ ಮ್ಯಾಡ್ ಮನಿ ನಿಲ್ಲಲಿಲ್ಲ.

ಅಂದಹಾಗೆ, ಆ ಮೀಮನ್ನು ನಿಜವಾಗಿಯೂ ವ್ಯಾಪಾರ ಮಾಡಿದವರಿದ್ದಾರೆ. 2023ರಲ್ಲಿ ಕ್ರೇಮರ್ ಹೇಳಿದ್ದಕ್ಕೆ ಉಲ್ಟಾ ಹೂಡುವ ‘ಇನ್ವರ್ಸ್ ಕ್ರೇಮರ್’ ಇಟಿಎಫ್ (ಷೇರಿನಂತೆ ಕೊಂಡು ಮಾರಬಹುದಾದ ಫಂಡು) ಬಂತು. ಮಾರುಕಟ್ಟೆ ಏರಿದ ಕಾಲದಲ್ಲೂ ಅದು ಇಳಿಯಿತು, ವರ್ಷ ತುಂಬುವ ಮೊದಲೇ ಬಾಗಿಲು ಹಾಕಿತು. ಕ್ರೇಮರ್ ಹೇಳಿದಂತೆ ಹೂಡುವ ಅದರ ಜೋಡಿ ಫಂಡು ಅದಕ್ಕೂ ಮುಂಚೆಯೇ ಮುಚ್ಚಿಹೋಗಿತ್ತು, ಯಾಕಂದರೆ ಅದಕ್ಕೆ ದುಡ್ಡು ಹಾಕೋಕೆ ಜನವೇ ಬರಲಿಲ್ಲ.