ಅದು ಮಾತ್ರೆ ಅಲ್ವಂತೆ

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಇಲ್ಲಿ ಬರೆದು ಹಗುರ ಮಾಡಿಕೊಳ್ಳುತ್ತೇನೆ, ಬೈಯುವವರು ಬೈಯಿರಿ.

ಚಿಕ್ಕಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಅವರಿಗೆ ವಾರ್ಫರಿನ್ ನಡೆಯುತ್ತಿದೆ. ಜೊತೆಗೆ ಮಂಡಿನೋವು. "ಬೇರೆ ಏನಾದ್ರೂ ಮಾತ್ರೆ ತಗೊಳ್ತಿದ್ದೀರಾ?" ಅಂತ ಡಾಕ್ಟರ್ ಕೇಳಿದರು. "ಇಲ್ಲ ಡಾಕ್ಟ್ರೇ, ಏನೂ ಇಲ್ಲ" ಅನ್ನುತ್ತಾ ಚಿಕ್ಕಮ್ಮ ತೊಡೆಯ ಮೇಲಿದ್ದ ಬ್ಯಾಗನ್ನು ಪಕ್ಕಕ್ಕೆ ಸರಿಸಿದರು. ಒಳಗೆ ಡಬ್ಬಿ ಕಟಕಟ ಎಂದಿತು. ಅರಿಶಿನದ ಕ್ಯಾಪ್ಸೂಲ್!

ಹೊರಗೆ ಬಂದು ಕೇಳಿದರೆ, "ಅದು ಮಾತ್ರೆ ಅಲ್ವಲ್ಲೋ, ಅರಿಶಿನ" ಅಂತ ನನಗೇ ಬುದ್ಧಿ ಹೇಳಿದರು.

ಈ ಮಾತು ಕೇಳಿ ಕೇಳಿ ಸಾಕಾಗಿದೆ. ನೋವು ಓಡಿಸುವಾಗ ಅದು ದೊಡ್ಡ ಔಷಧ. ಡಾಕ್ಟರಿಗೆ ಹೇಳುವ ಹೊತ್ತಿಗೆ ಬರೀ ಅರಿಶಿನ. ಎರಡರಲ್ಲಿ ಒಂದು ಹೇಳಿ ಮಾರಾಯ್ರೆ.

ಡಬ್ಬಿಯ ಚೀಟಿ ಓದಿದೆ. ಒಂದು ಕ್ಯಾಪ್ಸೂಲಿಗೆ 500 ಮಿಲಿಗ್ರಾಂ ಸಾರ, ಅದರಲ್ಲಿ ನೂರಕ್ಕೆ 95 ಭಾಗ ಕರ್ಕ್ಯುಮಿನ್, ಅಂದರೆ ಅರಿಶಿನದ ಮುಖ್ಯ ಸತ್ವ. ಅರಿಶಿನದ ಪುಡಿಯಲ್ಲಿ ಅದು ಇರುವುದು ನೂರಕ್ಕೆ ಸುಮಾರು 3 ಭಾಗ. ಲೆಕ್ಕ ಹಾಕಿ. ಒಂದು ಕ್ಯಾಪ್ಸೂಲ್ ನುಂಗಿದರೆ ಹೆಚ್ಚುಕಡಿಮೆ 16 ಗ್ರಾಂ ಪುಡಿ ಮುಕ್ಕಿದ ಹಾಗೆ. ಚಿಕ್ಕಮ್ಮ ದಿನಕ್ಕೆ ಎರಡು ನುಂಗುತ್ತಾರೆ. ಅದರ ಮೇಲೆ ಕರಿಮೆಣಸಿನ ಸಾರ ಬೇರೆ. ಅದೇನು ಸುಮ್ನೆ ಸೇರಿಸಿದ್ದಲ್ಲ. ಬರೀ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಅದೇ ಪೈಪರಿನ್ ಬೇರೆ ಕೆಲವು ಔಷಧಿಗಳ ಮಟ್ಟವನ್ನೂ ಏರಿಸುತ್ತದೆ. ಇಷ್ಟೆಲ್ಲ ಆದ ಮೇಲೂ ಇದು ಬರೀ ಅರಿಶಿನ!

ಕೆಲಸ ಮಾಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2014ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಪರೀಕ್ಷೆಯಲ್ಲಿ ಮಂಡಿ ಸವೆದ 367 ಜನರಿದ್ದರು. ಒಂದು ಗುಂಪಿಗೆ ಅರಿಶಿನದ ಸಾರ, ಇನ್ನೊಂದಕ್ಕೆ ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆ. ನೋವು ಎರಡರಲ್ಲೂ ಹತ್ತಿರ ಹತ್ತಿರ ಅಷ್ಟೇ ಇಳಿಯಿತು. ಆದರೆ ಅದು ನಡೆದದ್ದು ನಾಲ್ಕೇ ವಾರ. ಚಿಕ್ಕಮ್ಮ ನುಂಗಲು ಶುರು ಮಾಡಿ ಹತ್ತು ತಿಂಗಳಾಯಿತು.

ಈಗ ಯಾರಾದರೂ ಬಂದೇ ಬರುತ್ತೀರಿ: "ಇಂಗ್ಲಿಷ್ ನೋವಿನ ಮಾತ್ರೆ ಹೊಟ್ಟೆ ಸುಡಲ್ವಾ? ಕಿಡ್ನಿ ಹಾಳು ಮಾಡಲ್ವಾ?" ಮಾಡುತ್ತದೆ ಸ್ವಾಮಿ. ಜಾಸ್ತಿ ದಿನ ತಗೊಂಡರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಎಲ್ಲ ಆಗಬಹುದು. ಆದರೆ ಅದು ಎಲ್ಲರಿಗೂ ಗೊತ್ತಿರುವುದರಿಂದ ಡಾಕ್ಟರ್ ಮುಂದೆ ಯಾರೂ ಬ್ಯಾಗ್ ಸರಿಸುವುದಿಲ್ಲ. ಅರಿಶಿನದ ಸಾರ ತಗೊಂಡವರಲ್ಲಿ ಕೆಲವರಿಗೆ ಲಿವರ್ ಕೆಟ್ಟಿದೆ ಅಂತ 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಕರು ಎಚ್ಚರಿಸಿದ್ದರು. ಅಪರೂಪ, ನಿಜ. ಆದರೆ ವಾರ್ಫರಿನ್ ಕಥೆ ಕೇಳಿ. 2018ರಲ್ಲಿ ನ್ಯೂಜಿಲೆಂಡಿನಿಂದ ಒಂದು ವರದಿ ಬಂತು. ವಾರ್ಫರಿನ್ ತಗೊಳ್ಳುತ್ತಿದ್ದ ಒಬ್ಬರು ಅರಿಶಿನದ ಕ್ಯಾಪ್ಸೂಲ್ ಶುರು ಮಾಡಿದ್ದರು. ಅವರ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಅಳತೆ, 10 ದಾಟಿತ್ತು. ವಾರ್ಫರಿನ್ ತಗೊಳ್ಳುವವರಲ್ಲಿ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕಾದದ್ದು ಅದು. ಅಷ್ಟು ಏರಿದರೆ ಒಳಗೆ ಎಲ್ಲಿ ರಕ್ತ ಸೋರುತ್ತದೋ ಹೇಳಲಾಗದು.

ನನಗೂ ಮಂಡಿನೋವಿತ್ತು, ಆ ಪುರಾಣ ಇಲ್ಲಿ ಓದುವವರಿಗೆ ಗೊತ್ತೇ ಇದೆ. ಒಂದು ವಿಷಯ ಹೇಳಿರಲಿಲ್ಲ. ಹೋದ ವರ್ಷ ಎರಡು ತಿಂಗಳು ನಾನೂ ಇದನ್ನೇ ನುಂಗಿದ್ದೆ. ನೋವು ಇಳಿಯಿತು. ಅದೇ ಹೊತ್ತಿಗೆ ತೊಡೆಯ ವ್ಯಾಯಾಮವನ್ನೂ ಶುರು ಮಾಡಿದ್ದೆ, ಹಾಗಾಗಿ ಯಾವುದರಿಂದ ಇಳಿಯಿತೋ ದೇವರಿಗೇ ಗೊತ್ತು. ಕ್ಯಾಪ್ಸೂಲ್ ವಿಷಯ ಡಾಕ್ಟರಿಗೆ ಹೇಳಿದ್ದೆನಾ? ಇಲ್ಲ.

ಚಿಕ್ಕಮ್ಮನನ್ನು ಮತ್ತೆ ಒಳಗೆ ಕರೆದುಕೊಂಡು ಹೋದೆ. ಮುಖ ಊದಿಸಿಕೊಂಡೇ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರ್ ಅದನ್ನು ತಿರುಗಿಸಿ ತಿರುಗಿಸಿ ಓದಿದರು. ಇವತ್ತಿಂದಲೇ ನಿಲ್ಲಿಸಿ ಅಂದರು, ರಕ್ತ ಪರೀಕ್ಷೆಗೆ ಬರೆದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, "ಇದನ್ನ ನಿಮಗೆ ಯಾರು ಹೇಳಿಕೊಟ್ಟಿದ್ದು?"

ಚಿಕ್ಕಮ್ಮ ಬಾಯಿ ಬಿಡಲಿಲ್ಲ. ನನ್ನ ಕಡೆ ಬೆರಳು ತೋರಿಸಿದರು.